ಊರುಗೋಲು ಕೊಟ್ಟು ಸೀಟು ಪಡೆದದ್ದು: ನನ್ನ ಅನುಭವ

ಬೇಲೂರಿನಿಂದ ಹಾಸನಕ್ಕೆ ಕೆಲಸಕ್ಕಾಗಿ ದಿನವೂ ಬಸ್ಸಿನಲ್ಲಿ ಓಡಾಡುವ ನಾನು ಈಗ ಹತ್ತರಲ್ಲಿ ಎಂಟು ದಿನವಾದರೂ ಕುಳಿತೇ ಹೋಗುತ್ತೇನೆ. ಇದನ್ನು ಹೇಳಿದಾಗ ನನ್ನಂತೆ ಊರುಗೋಲು ಹಿಡಿದವರೇ ನಂಬಲಿಲ್ಲ. ಒಬ್ಬರಂತೂ ‘ಕಂಡಕ್ಟರಿಗೆ ಏನೋ ಕೊಡುತ್ತಿರಬೇಕು’ ಎಂದರು. ಕೊಡುವುದು ನಿಜ, ಆದರೆ ಕಂಡಕ್ಟರಿಗಲ್ಲ, ಕೊಡುವುದು ದುಡ್ಡೂ ಅಲ್ಲ.

ಮೊದಲು ನಾನು ಹಿಡಿದದ್ದು ಹಕ್ಕಿನ ದಾರಿ. ‘ಅಂಗವಿಕಲರಿಗೆ’ ಎಂದು ಬರೆದ ಸೀಟಿನ ಮುಂದೆ ನಿಂತು ಗುರುತಿನ ಚೀಟಿ ತೋರಿಸುತ್ತಿದ್ದೆ. ಏಳದಿದ್ದರೆ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮದ ಎರಡು ಕಲಮುಗಳ ಪ್ರತಿಯನ್ನು ತೆಗೆಯುತ್ತಿದ್ದೆ: ಸಾರಿಗೆಗೆ ಸಂಬಂಧಿಸಿದ 41ನೆಯದು, ಮತ್ತು ನಮ್ಮನ್ನು ನಾಲ್ಕು ಜನರೆದುರು ಬೇಕೆಂದೇ ಅವಮಾನಿಸಿದವರಿಗೆ ಆರು ತಿಂಗಳಿನಿಂದ ಐದು ವರ್ಷದವರೆಗೆ ಸಜೆ ಹೇಳುವ 92ನೆಯದು. ಅರವತ್ತೋ ಎಪ್ಪತ್ತೋ ರೂಪಾಯಿ ಕೊಟ್ಟು ಲ್ಯಾಮಿನೇಷನ್ ಬೇರೆ ಮಾಡಿಸಿದ್ದೆ. ಯಜಮಾನರೊಬ್ಬರು ಅದನ್ನು ಹಿಂದೆ ಮುಂದೆ ತಿರುಗಿಸಿ, ‘ಕನ್ನಡಕ ತಂದಿಲ್ಲ ಕಣಪ್ಪ’ ಎಂದು ಹಿಂದಕ್ಕೆ ಕೊಟ್ಟು ಕಿಟಕಿಯ ಕಡೆ ಮುಖ ಮಾಡಿದರು. ಜಗಳವಾಡಿ ಸೀಟು ಗೆದ್ದ ದಿನಗಳೂ ಇವೆ. ಆದರೆ ಸುಮಾರು 40 ಕಿಲೋಮೀಟರ್ ಉದ್ದಕ್ಕೂ ಎದ್ದವರ ಗೊಣಗಾಟ ಕೇಳುತ್ತಾ ಕೂರುವುದಕ್ಕಿಂತ ನಿಲ್ಲುವುದೇ ವಾಸಿ ಎನ್ನಿಸಿತು.

2023ರ ಜೂನ್ 11ರಂದು ಹೆಂಗಸರಿಗೆ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಆರಂಭವಾದ ಮೇಲೆ ಬೆಳಗಿನ ಬಸ್ಸುಗಳು ತುಂಬಿಯೇ ಬರತೊಡಗಿದವು. ಹೆಂಗಸರನ್ನು ದೂರುವವರ ಜೊತೆ ನಾನು ಸೇರುವುದಿಲ್ಲ. ನಾನು ಕಂಡಂತೆ ಗಂಡಸರಿಗಿಂತ ಬೇಗ ಜಾಗ ಬಿಟ್ಟುಕೊಟ್ಟವರು ಅವರೇ. ಆದರೂ ವರ್ಷಕ್ಕೆ 660 ರೂಪಾಯಿಯ ರಿಯಾಯಿತಿ ಪಾಸು ಜೇಬಿನಲ್ಲಿದ್ದೂ, ಒಂದರ ಹಿಂದೊಂದು ಬಸ್ಸು ಬಿಟ್ಟು, ತಿಂಗಳಿಗೆ ಎರಡು ಸಾವಿರದ ಆಸುಪಾಸು ಬಾಡಿಗೆ ಗಾಡಿಗಳಿಗೆ ಸುರಿದೆ.

ಕಿಟಕಿ ನೋಡುವವರಿಗಿಂತ ನನಗೆ ಹೆಚ್ಚು ಭಯವಿದ್ದದ್ದು ಕೇಳದೆ ಎತ್ತುವವರದ್ದು. ಒಂದು ಮಳೆಗಾಲದಲ್ಲಿ, ಒದ್ದೆಯಾದ ಮೆಟ್ಟಿಲ ಮೇಲೆ ಊರುಗೋಲನ್ನು ಊರಿ ಇನ್ನೇನು ಭಾರ ಬಿಡಬೇಕು ಎನ್ನುವಾಗ, ‘ಪಾಪ, ಹಿಡ್ಕಳ್ರೋ’ ಎಂದು ಇಬ್ಬರು ಹಿಂದಿನಿಂದ ಕಂಕುಳಿಗೆ ಕೈ ಹಾಕಿ ಎತ್ತಿಬಿಟ್ಟರು. ಕೋಲು ಜಾರಿತು, ಅವರ ಹಿಡಿತವೂ ತಪ್ಪಿತು, ನನ್ನ ಬಲಭುಜ ಕಂಬಿಗೆ ಬಡಿಯಿತು. ಮೂರು ವಾರ ಕೆಲಸವಿಲ್ಲ, ಔಷಧಿಗೆ ನಾಲ್ಕು ಸಾವಿರದ ಹತ್ತಿರ ಹೋಯಿತು. ಒಳ್ಳೆಯ ಮನಸ್ಸಿನವರ ಮೇಲೆ ಸಿಟ್ಟು ಮಾಡಿಕೊಳ್ಳುವುದೂ ಆಗುವುದಿಲ್ಲವಲ್ಲ!

ದಾರಿ ಸಿಕ್ಕಿದ್ದು ಆಕಸ್ಮಿಕವಾಗಿ. ಪಾಸು ಹುಡುಕಲು ಕೈ ಖಾಲಿ ಬೇಕಾಗಿ, ಪಕ್ಕದಲ್ಲಿ ನಿಂತಿದ್ದ ಕಾಲೇಜು ಹುಡುಗನಿಗೆ ‘ತಮ್ಮಾ, ಇದನ್ನೊಂದು ಚೂರು ಹಿಡ್ಕೊ’ ಎಂದು ಊರುಗೋಲು ಕೊಟ್ಟೆ. ಒಂದು ನಿಮಿಷವಾಗಿರಲಿಲ್ಲ, ತನಗೇ ಸೀಟಿಲ್ಲದ ಆ ಹುಡುಗ ಮೂವರು ಕುಳಿತ ಸೀಟಿನವರನ್ನು ‘ಅಣ್ಣಾ, ಇವ್ರಿಗೆ ಸ್ವಲ್ಪ ಬಿಡಿ’ ಎಂದು ಎಬ್ಬಿಸುತ್ತಿದ್ದ. ಇಡೀ ಬಸ್ಸನ್ನು ಕೇಳಿದಾಗ ಯಾರಿಗೂ ಕೇಳಿಸದ ಮಾತು, ಒಬ್ಬನ ಕೈಗೆ ಸಣ್ಣ ಕೆಲಸವೊಂದನ್ನು ಕೊಟ್ಟೊಡನೆ ಅವನದೇ ಮಾತಾಯಿತು. ಅಂದಿನಿಂದ ನಾನು ಸೀಟಿನ ವಿಷಯ ಎತ್ತುವುದೇ ಇಲ್ಲ. ನನ್ನನ್ನು ಎತ್ತಲು ಬರುವವರಿಗೆ ಮಾತ್ರ ನಾನೇ ಮೊದಲು, ‘ನೀವು ಅಲುಗಾಡದೆ ನಿಂತ್ಕಳಿ, ನಿಮ್ಮ ಹೆಗಲು ನಾನು ಹಿಡೀತೀನಿ’ ಎನ್ನುತ್ತೇನೆ. ಭುಜಕ್ಕೆ ಮತ್ತೆ ಪೆಟ್ಟಾಗಿಲ್ಲ. ಯಾರನ್ನು ಆರಿಸಬೇಕೆಂಬುದನ್ನು ಅರ್ಧ ಹೇಳುತ್ತೇನೆ: ಕುಳಿತವರನ್ನಲ್ಲ, ನಿಂತವರನ್ನು. ಉಳಿದರ್ಧವೂ, ಹತ್ತುವ ಮೊದಲು ಚಾಲಕರಿಗೆ ಹೇಳುವ ಒಂದು ಮಾತೂ ನನ್ನಲ್ಲೇ ಇರಲಿ. ಎಲ್ಲರೂ ಹೇಳತೊಡಗಿದರೆ ಅದರ ಕಸುವು ಹೋಗುತ್ತದೆ.

ಇದು ಸ್ವಾಭಿಮಾನ ಬಿಟ್ಟು ಬೇಡುವುದಲ್ಲವೇ ಎಂದು ಗೆಳೆಯರೊಬ್ಬರು ಆಕ್ಷೇಪಿಸಿದ್ದರಿಂದ, ಉಡುಪನ್ನೂ ಪರೀಕ್ಷಿಸಿ ನೋಡಿದೆ. ಒಂದು ವಾರ ಇಸ್ತ್ರಿ ಅಂಗಿ, ಮರುವಾರ ಮಾಸಿದ ಅಂಗಿ ಮತ್ತು ಹಳೆಯ ಪಂಚೆ. ಸೀಟು ಸಿಕ್ಕಿದ್ದು ಎರಡು ವಾರವೂ ಹೆಚ್ಚುಕಡಿಮೆ ಒಂದೇ. ಮಾಸಿದ ಅಂಗಿಯ ವಾರದಲ್ಲಿ ಮಾತ್ರ ಹದಿನೈದು ರೂಪಾಯಿ ಭಿಕ್ಷೆ ಬಂತು, ಹಿಂದಿರುಗಿಸಲು ಹೋದರೆ ‘ಇರ್ಲಿ ಬಿಡಪ್ಪ’ ಎಂದರು. ಮೆಟ್ಟಿಲ ಎತ್ತರ ತಗ್ಗಿಸಲೆಂದು 350 ರೂಪಾಯಿಗೆ ತಂದ ಮಡಚುವ ಸ್ಟೂಲಿನ ಕಥೆ ಇನ್ನೂ ಚಿಕ್ಕದು: ಎರಡನೆಯ ದಿನವೇ ನಾನು ಬಸ್ಸಿನೊಳಗೆ, ಅದು ಬೇಲೂರಿನ ನಿಲ್ದಾಣದಲ್ಲಿ.

ವಿಧಾನದಲ್ಲಿ ಒಂದು ಲೋಪವಿತ್ತು. ಎರಡೂ ಕೋಲುಗಳನ್ನು ಹಿಡಿದಿದ್ದ ಹುಡುಗನೊಬ್ಬ ಫೋನಿನಲ್ಲಿ ಮಾತಾಡುತ್ತಾ ಅವುಗಳ ಸಮೇತ ಹಗರೆಯಲ್ಲಿ ಇಳಿದುಬಿಟ್ಟ. ಬಸ್ಸಿನವರೆಲ್ಲ ಕೂಗಿ ನಿಲ್ಲಿಸಿದರು. ಅವನು ನಾಚಿಕೊಂಡು ಓಡಿಬಂದು ಕಿಟಕಿಯಲ್ಲಿ ತೂರಿಸಿದ. ಅಂದಿನಿಂದ ಒಂದೇ ಕೋಲನ್ನು ಕೊಡುತ್ತೇನೆ. ಕೊಡುವ ಮೊದಲು ಯಾವ ಊರಿನಲ್ಲಿ ಇಳಿಯುವವರೆಂದು ಕೇಳುತ್ತೇನೆ.