ಮೊದಲ ಜೂಡೋ ಕ್ಲಾಸಿನಲ್ಲಿ ನಾನು ಬೀಳಲು ಕಲಿತಿದ್ದು

ಜೂಡೋಗೆ ಸೇರಬೇಕು ಅಂತಿರುವವರು ನನ್ನನ್ನು ಮೊದಲು ಕೇಳುವುದು ಒಂದೇ ಪ್ರಶ್ನೆ. ಮೊದಲ ದಿನವೇ ಎತ್ತಿ ಒಗೆಯುತ್ತಾರಾ? ಕೊನೆಯಲ್ಲಿ ನಿಧಾನವಾಗಿ ಬೀಳಿಸಿದ್ದು ಬಿಟ್ಟರೆ, ನನ್ನನ್ನು ಯಾರೂ ಎತ್ತಿ ಒಗೆಯಲಿಲ್ಲ. ಮೊದಲ ಕ್ಲಾಸಿನ ಬಹುಪಾಲು ನಾನು ನಾನಾಗಿಯೇ ಬೀಳುತ್ತಾ ಏಳುತ್ತಾ ಇದ್ದೆ. ಆ ಬೀಳುವುದರ ಬಗ್ಗೆಯೇ ಇಲ್ಲಿ ಜಾಸ್ತಿ ಬರೆಯುತ್ತೇನೆ. ಪಟ್ಟುಗಳ ಬಗ್ಗೆ ಹೇಳುವವರು ಬೇಕಾದಷ್ಟು ಜನ ಇದ್ದಾರೆ.

ತಯಾರಿ ದೊಡ್ಡದೇನಲ್ಲ. ಕೈಕಾಲಿನ ಉಗುರು ಕತ್ತರಿಸಿಕೊಂಡೆ, ಉಂಗುರ, ವಾಚ್ ಎಲ್ಲ ತೆಗೆದಿಟ್ಟೆ. ಜೂಡೋದಲ್ಲಿ ಎದುರಿನವರ ಬಟ್ಟೆ ಹಿಡಿದೇ ಎಳೆಯುವುದು, ಉಂಗುರ ಬಟ್ಟೆಗೆ ಸಿಕ್ಕಿದರೆ ಬೆರಳಿಗೇ ಪೆಟ್ಟು. ಗಿ, ಅಂದರೆ ಆ ದಪ್ಪ ಬಿಳಿ ಉಡುಪು, ಮೊದಲೇ ಕೊಳ್ಳುವುದು ಬೇಡ. ನನಗೆ ಅಲ್ಲಿಯೇ ಒಂದು ಕೊಟ್ಟರು. ಎಡಗಡೆಯ ಮಡಿಕೆ ಮೇಲೆ ಬರುವ ಹಾಗೆ ಹಾಕಿ, ಬೆಲ್ಟನ್ನು ಎರಡು ಸುತ್ತು ಸುತ್ತಿ ಮುಂದೆ ಗಂಟು ಹಾಕಬೇಕು. ಮ್ಯಾಟ್ ಮೇಲೆ ಬರಿಗಾಲು.

ಬೀಳುವುದಕ್ಕೆ ಅವರು ಉಕೆಮಿ ಅನ್ನುತ್ತಾರೆ. ಮೊದಲೇ ನಿಲ್ಲಿಸಿ ಬೀಳಿಸುವುದಿಲ್ಲ, ಮಲಗಿಸಿಯೇ ಶುರು ಮಾಡುತ್ತಾರೆ. ಅಂಗಾತ ಮಲಗಿ, ಗದ್ದವನ್ನು ಎದೆಗೆ ಒತ್ತಿ, ಬೆಲ್ಟಿನ ಗಂಟನ್ನೇ ನೋಡುತ್ತಿರಬೇಕು. ಎರಡೂ ಕೈಯನ್ನು ಎದೆಯ ಮುಂದೆ ತಂದು ಮ್ಯಾಟಿಗೆ ಪಟ್ ಅಂತ ಬಡಿಯಬೇಕು. ಬರೀ ಅಂಗೈ ಅಲ್ಲ, ಮೊಣಕೈವರೆಗಿನ ಇಡೀ ತೋಳು ಒಟ್ಟಿಗೆ ಬೀಳಬೇಕು, ಮೈಯಿಂದ ತುಂಬಾ ದೂರ ಚಾಚಬಾರದು. ಕೈ ಹೆಗಲಿನ ಮಟ್ಟಕ್ಕೆ ಬಂತೆಂದರೆ ಭುಜಕ್ಕೆ ಪೆಟ್ಟು. ಆಮೇಲೆ ಅದನ್ನೇ ಕುಕ್ಕರಗಾಲಿನಲ್ಲಿ ಕೂತು, ಕೊನೆಗೆ ನಿಂತು. ಹಿಮ್ಮಡಿಗೆ ಹತ್ತಿರವಾಗಿ ಕೂತುಕೊಂಡು ಬೆನ್ನನ್ನು ಗುಂಡಗೆ ಮಾಡಿ ಹಿಂದಕ್ಕೆ ಉರುಳಿದರೆ ಎತ್ತರವೇ ಇರುವುದಿಲ್ಲ, ಪೆಟ್ಟೂ ಇರುವುದಿಲ್ಲ. ಬೀಳುವಾಗ ಉಸಿರು ಹೊರಗೆ ಬಿಡಬೇಕು, ಹಿಡಿದಿಟ್ಟುಕೊಳ್ಳಬಾರದು.

ಈ ಗದ್ದದ ವಿಷಯವನ್ನು ಕೋಚ್ ಪದೇ ಪದೇ ಹೇಳಿದರು. ಬೆನ್ನು ನೆಲಕ್ಕೆ ತಾಗಿ ನಿಂತರೂ ತಲೆ ನಿಲ್ಲುವುದಿಲ್ಲ, ಅದೇ ವೇಗದಲ್ಲಿ ಹಿಂದಕ್ಕೆ ಹೋಗುತ್ತದೆ, ಕುತ್ತಿಗೆ ಬಿಗಿ ಇಲ್ಲದಿದ್ದರೆ ಹಿಂದಲೆ ನೆಲಕ್ಕೆ ಬಡಿಯುತ್ತದೆ. ಜೂಡೋದಲ್ಲಿ ನಿಜವಾಗಿ ಹೆದರಬೇಕಾದ ಪೆಟ್ಟು ಇದೇ. ಇನ್ನೊಂದು, ಕೈ ಊರುವ ಅಭ್ಯಾಸ. ಬೀಳುವಾಗ ಕೈ ತಾನಾಗಿಯೇ ನೆಲಕ್ಕೆ ಚಾಚುತ್ತದೆ ಅಲ್ವಾ? ಮೈಭಾರವೆಲ್ಲ ಆ ಒಂದು ಕೈ ಮೇಲೆ ಬಂದರೆ ಮಣಿಕಟ್ಟು, ಮೊಣಕೈ, ಕಾಲರ್ ಬೋನ್, ಯಾವುದು ಬೇಕಾದರೂ ಮುರಿಯಬಹುದು. ಹುಟ್ಟಿದಾಗಿನಿಂದ ಬಂದ ಆ ಅಭ್ಯಾಸ ಬಿಡಿಸುವುದಕ್ಕೇ ಅಷ್ಟು ಸಲ ಬೀಳಿಸುವುದು. ಅಂಗೈ ಕೆಂಪಗಾಗಿ ಚುರುಚುರು ಅನ್ನುತ್ತಿತ್ತು, ಆದರೆ ಬೆನ್ನಿಗೆ ಏನೂ ಆಗಿರಲಿಲ್ಲ. ಸರಿಯಾಗಿ ಬಿದ್ದಿದ್ದೇನೆ ಅನ್ನುವುದು ನನಗೆ ಗೊತ್ತಾಗಿದ್ದೇ ಹಾಗೆ.

ಕೊನೆಯಲ್ಲಿ ಜೋಡಿ ಮಾಡಿಸಿದರು. ನನಗೆ ಸಿಕ್ಕವರು ಬ್ರೌನ್ ಬೆಲ್ಟ್, ಅಂದರೆ ಬ್ಲ್ಯಾಕ್ ಬೆಲ್ಟಿಗೆ ಹತ್ತಿರ ಬಂದವರು. ಅವರು ಮೊದಲು ಹೇಳಿದ್ದು, 'ಏನೇ ಅನ್ನಿಸಿದರೂ ಎರಡು ಸಲ ತಟ್ಟಿ, ತಕ್ಷಣ ಬಿಡ್ತೀನಿ.' ಆಮೇಲೆ ನಿಧಾನವಾಗಿ ಓ ಗೋಶಿ ಅನ್ನುವ ಸೊಂಟದ ಪಟ್ಟು ತೋರಿಸಿದರು. ಎತ್ತಲೇ ಇಲ್ಲ. ನನ್ನ ತೋಳನ್ನು ಹಿಡಿದು ಮುಂದಕ್ಕೆ ಎಳೆದರು, ನಾನು ತುದಿಗಾಲಿನ ಮೇಲೆ ಬಂದೆ, ಅಷ್ಟರಲ್ಲಿ ಅವರ ಸೊಂಟ ನನ್ನ ಸೊಂಟದ ಕೆಳಗೆ ಬಂದಾಗಿತ್ತು. ಈ ಸಮತೋಲ ತಪ್ಪಿಸುವುದಕ್ಕೆ ಕುಜುಶಿ ಅನ್ನುತ್ತಾರೆ, ಅದು ಸರಿಯಾಗಿ ಆದರೆ ಬಲ ಅಷ್ಟೊಂದು ಬೇಕಾಗುವುದಿಲ್ಲ. ನನಗೆ ತುಂಬಾ ಹಿಡಿಸಿದ್ದು ಮಾತ್ರ ಬೇರೆ. ನಾನು ಮ್ಯಾಟಿಗೆ ತಾಗುವವರೆಗೂ ಅವರು ನನ್ನ ತೋಳು ಬಿಡಲಿಲ್ಲ, ಕೊನೇ ಗಳಿಗೆಯಲ್ಲಿ ಸ್ವಲ್ಪ ಮೇಲಕ್ಕೆ ಎಳೆದರು. ಆ ಸಣ್ಣ ಎಳೆತದಿಂದ ನಾನು ಪಕ್ಕಕ್ಕೆ ತಿರುಗಿ ಬಿದ್ದೆ, ತಲೆ ನೆಲಕ್ಕೆ ತಾಗಲಿಲ್ಲ. ಬೀಳಿಸುವವರಿಗೂ ಬೀಳುವವರ ಹೊಣೆ ಇದೆ.

ಜೂಡೋ ಹುಟ್ಟುಹಾಕಿದ ಜಿಗೊರೊ ಕಾನೊ 1882ರಲ್ಲಿ ಟೋಕಿಯೋದಲ್ಲಿ ತಮ್ಮ ಜೂಡೋ ಶಾಲೆ ಕೊಡೊಕಾನ್ ಶುರು ಮಾಡಿದಾಗ ಅವರಿಗೆ ಇನ್ನೂ 21 ವರ್ಷ. ಜುಜುತ್ಸು ಅನ್ನುವ ಹಳೆಯ ಜಪಾನಿ ಕಾದಾಟದ ಕಲೆಯ ಅಪಾಯಕಾರಿ ಪಟ್ಟುಗಳನ್ನು ಮುಕ್ತ ಅಭ್ಯಾಸದಿಂದ ಹೊರಗಿಟ್ಟರು. ಹಾಗಾಗಿ ಇಬ್ಬರು ಪೂರ್ತಿ ಶಕ್ತಿ ಹಾಕಿ ಸೆಣಸಾಡಿ ಮರುದಿನ ಮತ್ತೆ ಬರಬಹುದು. ಬೀಳಲು ಬಾರದಿದ್ದರೆ ಅದು ಆಗುವುದೇ ಇಲ್ಲ.

ಮರುದಿನ ನನಗೆ ನೋಯುತ್ತಿದ್ದದ್ದು ಬೆನ್ನಲ್ಲ, ಕುತ್ತಿಗೆಯ ಮುಂಭಾಗ ಮತ್ತು ಹೊಟ್ಟೆ. ಗದ್ದ ಒತ್ತಿ ಹಿಡಿದಿದ್ದಕ್ಕೆ. ಇಂಥ ನೋವು ತಾನಾಗಿ ಹೋಗುತ್ತದೆ. ತಲೆನೋವು, ತಲೆಸುತ್ತು, ವಾಂತಿ ಬಂದರೆ ಮಾತ್ರ ಸುಮ್ನೆ ಕೂರಬೇಡಿ, ಡಾಕ್ಟರ ಹತ್ತಿರ ಹೋಗಿ.

ಸೇರುವ ಮುಂಚೆ ಒಂದು ಕ್ಲಾಸ್ ಪಕ್ಕದಲ್ಲಿ ಕೂತು ನೋಡಿ. ಹೊಸಬರಿಗೆ ಉಕೆಮಿ ಮಾಡಿಸುತ್ತಾರಾ, ತಟ್ಟಿದ ತಕ್ಷಣ ಬಿಡುತ್ತಾರಾ, ಬೀಳಿಸುವವರು ಕೊನೆವರೆಗೂ ತೋಳು ಹಿಡಿದಿರುತ್ತಾರಾ ಗಮನಿಸಿ. ಮಂಡಿ, ಕುತ್ತಿಗೆಯ ತೊಂದರೆ ಇದ್ದರೆ ಕೋಚ್‌ಗೆ ಮೊದಲೇ ಹೇಳಿ. ಬೀಳುವುದನ್ನು ಕಲಿಸದೆ ಮೊದಲ ದಿನವೇ ಸೆಣಸಾಟಕ್ಕೆ ಇಳಿಸುವ ಕಡೆ ಸೇರಬೇಡಿ, ಫೀಸ್ ಎಷ್ಟೇ ಕಡಿಮೆ ಇರಲಿ.