ಲೋಟಸ್ 49 ಮಾಡೆಲ್ಲು: ಬಾಡಿ ಬಿಡಿ, ಎಂಜಿನ್ ನೋಡಿ

ಹಳೇ ರೇಸ್ ಕಾರ್ ಮಾಡೆಲ್ ಮಾಡೋರು ಸಾಮಾನ್ಯವಾಗಿ ಬಾಡಿ ಪೇಂಟ್ ಬಗ್ಗೇನೇ ತಲೆ ಕೆಡಿಸ್ಕೊಳ್ತಾರೆ. ಆದ್ರೆ 1967ರ ಫಾರ್ಮುಲಾ ಒನ್ ಕಾರು ಲೋಟಸ್ 49ಗೆ ಅದು ಉಲ್ಟಾ ಅಂತೀನಿ ನಾನು, ಯಾಕಂದ್ರೆ ಈ ಕಾರಲ್ಲಿ ಡ್ರೈವರ್ ಸೀಟ್ ಹಿಂದೆ ಚಾಸಿ (ಕಾರಿನ ಭಾರ ಹೊರೋ ಚೌಕಟ್ಟು) ಮುಗ್ದೇ ಹೋಗತ್ತೆ, ಅಲ್ಲಿಂದ ಆಚೆ ಕಾಸ್ವರ್ತ್ ಡಿಎಫ್‌ವಿ 3 ಲೀಟರ್ ವಿ8 ಎಂಜಿನ್ನೇ ಚಾಸಿ, ಹಿಂದಿನ ಸಸ್ಪೆನ್ಷನ್ನಿನ ಭಾರ ಎಲ್ಲಾ ಎಂಜಿನ್ನು ಗೇರ್‌ಬಾಕ್ಸೇ ಹೊರ್ಬೇಕು. ಮೇಲೆ ಮುಚ್ಚಳಾನೂ ಇಲ್ಲ, ಎಲ್ಲಾ ಬಯಲು.

ನಾನು ಕಟ್ಟಿದ್ದು ಎಬ್ರೋ ಕಂಪನಿಯ 1/20 ಕಿಟ್, ಅಂದ್ರೆ ನಿಜವಾದ ಕಾರಿನ ಇಪ್ಪತ್ತರಲ್ಲಿ ಒಂದು ಪಾಲು ಅಳತೆ. ಪಾರ್ಟ್ ಕಟ್ ಮಾಡೋಕೆ ಮುಂಚೆ ಯಾವ ರೇಸಿನ ಕಾರು ಅಂತ ಗಟ್ಟಿ ಮಾಡ್ಕೊಂಡೆ: 1967 ಜೂನ್ 4, ಝಾಂಡ್‌ವೂರ್ಟ್, ಡಚ್ ಗ್ರಾಂಡ್ ಪ್ರಿ, ಡ್ರೈವರ್ ಜಿಮ್ ಕ್ಲಾರ್ಕ್, ಕಾರ್ ನಂಬರ್ 5. ಕಾರಿಗೂ ಎಂಜಿನ್ನಿಗೂ ಅದೇ ಮೊದಲ ರೇಸು, ಗೆದ್ದೂಬಿಟ್ರು. 1968ರಲ್ಲಿ ಇದೇ ಕಾರು ಗೋಲ್ಡ್ ಲೀಫ್ ಸಿಗರೇಟಿನ ಕೆಂಪು-ಬಿಳಿ ಬಣ್ಣಕ್ಕೆ ಬಂತು, ರೆಕ್ಕೇನೂ ಬಂತು, ಹಾಗಾಗಿ ಒಂದು ವರ್ಷದ ಫೋಟೋ ನೋಡ್ಕೊಂಡು ಇನ್ನೊಂದು ವರ್ಷದ ಕಾರಿಗೆ ಪಾರ್ಟ್ ಅಂಟಿಸಿದ್ರೆ ಗೊತ್ತಿರೋರು ತಕ್ಷಣ ಹಿಡೀತಾರೆ.

ಎಂಜಿನ್ ಪೂರ್ತಿ ಒಂದೇ ಸಿಲ್ವರ್ ಹೊಡೆದ್ರೆ ಆಟದ ಸಾಮಾನಿನ ತರ ಕಾಣತ್ತೆ. ಬ್ಲಾಕಿಗೆ ಮಂಕು ಅಲ್ಯೂಮಿನಿಯಂ, ಗೇರ್‌ಬಾಕ್ಸಿಗೆ ಅದಕ್ಕೇ ಸ್ವಲ್ಪ ಗ್ರೇ ಸೇರಿಸಿದ್ದು, ಮೇಲೆ ಗಾಳಿ ಎಳ್ಕೊಳ್ಳೋ ಎಂಟು ಟ್ರಂಪೆಟ್ಟಿಗೆ (ಕೊಳವೆ) ಮಾತ್ರ ಹೊಳೆಯೋ ಸಿಲ್ವರ್. ಒಣಗಿದ ಮೇಲೆ ಕಪ್ಪು ಎನಾಮೆಲ್ಲನ್ನ ನೀರು ನೀರಾಗಿ ಥಿನ್ನರ್ ಹಾಕಿ ಸಂದಿಗೆ ಬಿಟ್ಟೆ. ಕೆಳಗಿರೋದು ಲ್ಯಾಕರ್ ಪೇಂಟ್ ಆದ್ರೆ ಎನಾಮೆಲ್ ಥಿನ್ನರ್ ಅದನ್ನ ಕರಗಿಸಲ್ಲ.

ಆಮೇಲೆ ಇಗ್ನಿಷನ್ ವೈರು. ನಿಜವಾದ ಸ್ಪಾರ್ಕ್ ಪ್ಲಗ್ ವೈರ್ ದಪ್ಪ 7-8 ಮಿ.ಮೀ., 20ರಿಂದ ಭಾಗಿಸಿದ್ರೆ 0.35ರಿಂದ 0.4. ಇದಕ್ಕೆ ಆನ್‌ಲೈನಲ್ಲಿ ವಿದೇಶಿ ಡೀಟೇಲ್ ಸೆಟ್ ಹುಡುಕೋದು ದಂಡ, ಮೋಟರ್ ರಿವೈಂಡಿಂಗ್ ಅಂಗಡಿಗೆ ಹೋಗಿ 28 ಗೇಜ್ ವೈಂಡಿಂಗ್ ವೈರ್ ಕೇಳಿ, 0.376 ಮಿ.ಮೀ. ಬರತ್ತೆ, ಒಂದು ತುಂಡನ್ನ ಸುಮ್ನೆ ಕೊಟ್ರೂ ಕೊಡ್ತಾರೆ. ಪಿನ್ ವೈಸಲ್ಲಿ (ಕೈಲಿ ತಿರುಗಿಸೋ ಪುಟ್ಟ ಡ್ರಿಲ್) 0.4 ಮಿ.ಮೀ. ತೂತು, ತುದಿಗೆ ಚುಕ್ಕೆಯಷ್ಟು ಸೂಪರ್ ಗ್ಲೂ, ಬಗ್ಗಿಸೋಕೆ ಟೂತ್‌ಪಿಕ್. ಎಂಟೂ ವೈರ್ ಅಳತೆಗೆ ಒಂದೇ ಸಮ ಇರ್ಬಾರ್ದು, ಮೆಕ್ಯಾನಿಕ್ ಕೈಲಿ ಹಾಕಿದ್ದು ಅನ್ನಿಸ್ಬೇಕು.

ಬಾಡಿ ಮೇಲೆ ಹೊಡೆದಿದ್ದು ತಮಿಯಾ ಟಿಎಸ್-43 ರೇಸಿಂಗ್ ಗ್ರೀನ್ ಸ್ಪ್ರೇ. ಮಧ್ಯದ ಹಳದಿ ಪಟ್ಟೇನ ಹಸಿರಿನ ಮೇಲೆ ಹೊಡೆಯೋಕೆ ಹೋಗ್ಬೇಡಿ, ಹಳದಿ ಕೆಳಗಿನ ಬಣ್ಣಾನ ಮುಚ್ಚಲ್ಲ, ಕೋಟ್ ಮೇಲೆ ಕೋಟ್ ಆಗಿ ದಪ್ಪ ಆಗತ್ತೆ. ನಾನು ಮೊದ್ಲು ಬಿಳಿ, ಅದರ ಮೇಲೆ ಹಳದಿ, ಪಟ್ಟೆ ಜಾಗಕ್ಕೆ ಟೇಪು, ಟೇಪಿನ ಅಂಚಿಗೆ ಇನ್ನೊಂದ್ಸಲ ತೆಳ್ಳಗೆ ಹಳದಿ, ಕೊನೇಗೆ ಹಸಿರು. ಆ ಎರಡನೇ ಹಳದಿ ಅಂಚಿನ ಸಂದೀನ ಮುಚ್ಚಿಬಿಡೋದ್ರಿಂದ ಹಸಿರು ಒಳಗೆ ನುಗ್ಗಲ್ಲ. ನಾನಿರೋದು ಮಂಗಳೂರಲ್ಲಿ, ಜೂನ್-ಜುಲೈನಲ್ಲಿ ಸ್ಪ್ರೇ ಕ್ಯಾನ್ ಮುಟ್ಟಲ್ಲ, ಗಾಳಿಯ ತೇವಕ್ಕೆ ಲ್ಯಾಕರ್ ಬೆಳ್ಳಗೆ ಮಂಜು ಕಟ್ಟತ್ತೆ. ಆ ಎರಡು ತಿಂಗಳು ಎಂಜಿನ್ ಕೆಲಸ, ಬ್ರಷ್ ಸಾಕು.

ಕನ್ನಡಿ ತರ ಪಾಲಿಶ್ ಮಾಡೋ ಹುಚ್ಚು ನನಗಿಲ್ಲ, ಅದು ಶೋರೂಮ್ ಕಾರಲ್ಲ. ಟೈರಿನ ನಡುವೆ ಇರೋ ಅಚ್ಚಿನ ಗೆರೆಗೆ 400 ನಂಬರ್ ಎಮರಿ ಪೇಪರ್ ಉಜ್ಜಿದೆ, ಗೆರೆನೂ ಹೋಯ್ತು, ನಾಲ್ಕು ಲ್ಯಾಪ್ ಓಡಿದ ಟೈರಿನ ಮಂಕೂ ಬಂತು.