ಸದ್ದಿಗೆ ಕುಣಿಯುವ ಚಿತ್ರ: ತೋಟದ ಮನೆಯಿಂದ ಎಲೆಕ್ಟ್ರಾನಿಕ್ ಸಂಗೀತದ ಲೈವ್ ಮಾಡುವುದು ಹೇಗೆ?

ಆನ್‌ಲೈನ್ ಕಾರ್ಯಕ್ರಮದಲ್ಲಿ ಚಿತ್ರ ಒಂದು ಸೆಕೆಂಡು ತಡವರಿಸಿದರೆ ನೋಡುವವರು ಸಹಿಸುತ್ತಾರೆ. ಸದ್ದು ಅರೆಗಳಿಗೆ ಕಡಿದರೆ ಎದ್ದು ಹೋಗುತ್ತಾರೆ. ಹಾಗಾಗಿ ಮೊದಲು ಸದ್ದು, ಬಣ್ಣ ಆಮೇಲೆ. ಕಾಸರಗೋಡಿನ ಬದಿಯಡ್ಕವೋ ಪೆರ್ಲವೋ ಮುಳ್ಳೇರಿಯವೋ, ಮನೆಗೆ ಫೈಬರ್ ಬಂದಿದ್ದರೆ ಉಳಿದದ್ದು ಹೆಚ್ಚಿಲ್ಲ: ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಮತ್ತು 16 ಜಿಬಿ ರ‍್ಯಾಮ್ ಇರುವ ಲ್ಯಾಪ್‌ಟಾಪ್, ಮೈಕು, ವಾದ್ಯಗಳ ಸದ್ದನ್ನು ಕಂಪ್ಯೂಟರಿಗೆ ತಲುಪಿಸುವ ಒಂದು ಆಡಿಯೊ ಇಂಟರ್‌ಫೇಸ್, ಚಿತ್ರ, ಸದ್ದು ಸೇರಿಸಿ ಲೈವ್ ಕಳಿಸುವ, ಉಚಿತವಾಗಿ ಸಿಗುವ ಸಾಫ್ಟ್‌ವೇರ್ ಓಬಿಎಸ್ ಸ್ಟುಡಿಯೊ. ಯೂಟ್ಯೂಬ್‌ನಲ್ಲಿ ಮೊದಲ ಸಲ ಲೈವ್ ಚಾಲೂ ಮಾಡುವವರಿಗೆ ಅನುಮತಿ ಸಿಗಲು 24 ಗಂಟೆ ಹಿಡಿಯಬಹುದು. ಕಾರ್ಯಕ್ರಮದ ದಿನ ಬೆಳಿಗ್ಗೆ ಹೊರಟರೆ ಆಗುವುದಿಲ್ಲ.

ಸದ್ದು

ಸಂಗೀತದ ಒಳಗೇ ಕೂತಂತೆ ಅನಿಸುವುದು ಹೆಡ್‌ಫೋನಿನಲ್ಲಿ. ಬೇಸ್ ಮತ್ತು ಮುಖ್ಯ ಪೆಟ್ಟು ನಡುವೆ ಇರಲಿ, ಎಡಬಲಕ್ಕೆ ಸುತ್ತಲಿನ ಸದ್ದು ಹರಡಲಿ. ಸೋಗೆಯ ಮೇಲೆ ಬೀಳುವ ಮಳೆಯನ್ನು ಹಿಡಿಯಲು ಎರಡು ಕಾರ್ಡಿಯಾಯ್ಡ್ (ಮುಂದಿನ ಸದ್ದನ್ನೇ ಹೆಚ್ಚು ಹಿಡಿಯುವ) ಮೈಕುಗಳನ್ನು 17 ಸೆಂ.ಮೀ. ಅಂತರದಲ್ಲಿ, 110 ಡಿಗ್ರಿ ಕೋನಕ್ಕೆ ಹೊರಮುಖವಾಗಿ ಇಡಿ. ನಮ್ಮ ಎರಡು ಕಿವಿಗಳ ಅಂತರವೂ ಹೆಚ್ಚುಕಡಿಮೆ ಅಷ್ಟೇ. ಫೋನಿನ ಸಣ್ಣ ಸ್ಪೀಕರಿನಲ್ಲಿ 60 ಹರ್ಟ್ಸ್‌ನ ಬೇಸ್ ಕೇಳುವುದೇ ಇಲ್ಲ; ಅದರ ಗುಣಕಗಳಾದ 120, 180 ಮತ್ತು 240ರ ಸದ್ದನ್ನು ತೆಳುವಾಗಿ ಬೆರೆಸಿದರೆ ಕಿವಿ ಉಳಿದದ್ದನ್ನು ತಾನೇ ತುಂಬಿಕೊಳ್ಳುತ್ತದೆ.

ಇಂಟರ್‌ಫೇಸ್, ಸಂಗೀತದ ಸಾಫ್ಟ್‌ವೇರ್, ಓಬಿಎಸ್ ಮೂರರ ಸ್ಯಾಂಪಲ್ ರೇಟೂ (ಸೆಕೆಂಡಿಗೆ ಎಷ್ಟು ಸಲ ಸದ್ದನ್ನು ಅಳೆಯುತ್ತದೆಂಬ ಲೆಕ್ಕ) 48,000 ಹರ್ಟ್ಸ್‌ನಲ್ಲಿರಬೇಕು. ಒಂದು 44,100ರಲ್ಲಿ ಉಳಿದುಬಿಟ್ಟರೆ ಚಟಪಟ ಶುರುವಾಗುವುದು ಅಲ್ಲಿಂದಲೇ. ಬಫರ್ (ಒಂದು ಸಲಕ್ಕೆ ಒಟ್ಟುಮಾಡಿ ಕಳಿಸುವ ಸದ್ದಿನ ತುಂಡು) 256 ಸ್ಯಾಂಪಲ್, ಅಂದರೆ ಸುಮಾರು 5 ಮಿಲಿಸೆಕೆಂಡು. ಆಮೇಲೂ ಚಟಗುಟ್ಟಿದರೆ 512 ಮಾಡಿ. ಸದ್ದಿನ ಮೀಟರು ಏರುವ ತುದಿ ಮೈನಸ್ 6 ಡೆಸಿಬೆಲ್ ಆಸುಪಾಸಿನಲ್ಲಿರಲಿ. ಗುಂಯ್ ಎನ್ನುವ 50 ಹರ್ಟ್ಸ್ ಸದ್ದು ಬಂದರೆ ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ನೋಡಿ. ನಿಂತರೆ ದೋಷ ಅರ್ತಿಂಗಿನದು: ಎಲ್ಲ ಪ್ಲಗ್ಗುಗಳನ್ನೂ ಒಂದೇ ಬೋರ್ಡಿಗೆ ತನ್ನಿ.

ಚಿತ್ರ

ಸದ್ದಿಗೆ ಚಿತ್ರ ಕುಣಿಸುವ ಸಾಫ್ಟ್‌ವೇರ್‌ಗಳಲ್ಲಿ ಬ್ರೌಸರಿನಲ್ಲೇ ಓಡುವ ಹೈಡ್ರಾ ಉಚಿತ. ಟಚ್‌ಡಿಸೈನರಿನ ವಾಣಿಜ್ಯೇತರ ಆವೃತ್ತಿಯೂ ಉಚಿತ. ಅದರ ಚಿತ್ರ 1280 ಪಿಕ್ಸೆಲ್ ದಾಟುವುದಿಲ್ಲ, 720ಪಿ ಲೈವ್‌ಗೆ ಅಷ್ಟು ಸಾಕು. ಸದ್ದನ್ನು ಆವರ್ತನದ ಪಟ್ಟಿಗಳಾಗಿ ಒಡೆದು ಚಿತ್ರಕ್ಕೆ ಜೋಡಿಸುವುದು ಎರಡರಲ್ಲೂ ಸಾಧ್ಯ. ಹೊಸಬರು ಎಡವುವುದು ಇಲ್ಲೇ. ಗಾತ್ರ, ಬಣ್ಣ, ತಿರುಗು, ಎಲ್ಲವನ್ನೂ ಎಲ್ಲ ಸದ್ದಿಗೂ ಕಟ್ಟುತ್ತಾರೆ. ತೆರೆ ಗಡಗಡ ನಡುಗುತ್ತದೆಯೇ ಹೊರತು ಯಾವ ಪೆಟ್ಟಿಗೆ ಯಾವುದು ಅಲುಗಿತೆಂದು ಕಣ್ಣಿಗೆ ತಿಳಿಯುವುದಿಲ್ಲ. ಬೇಸ್ ಸದ್ದಿಗೆ ಗಾತ್ರ, ಏರು ಆವರ್ತನದ ಸದ್ದಿಗೆ ಹೊಳಪು, ಅಷ್ಟೇ ಸಾಕು. ಬಣ್ಣವನ್ನು ಕೈಯಲ್ಲೇ, ನಿಧಾನವಾಗಿ ಬದಲಿಸಿ.

ಬಿಡಿಸಿದ ಆ್ಯನಿಮೇಷನ್ ಬಳಸುವವರು ಲೆಕ್ಕ ತಪ್ಪಬಾರದು. ನಿಮಿಷಕ್ಕೆ 120 ಪೆಟ್ಟಿನ ವೇಗದಲ್ಲಿ ಒಂದು ಪೆಟ್ಟು ಅರ್ಧ ಸೆಕೆಂಡು, ಅಂದರೆ ಸೆಕೆಂಡಿಗೆ 30 ಫ್ರೇಮಿನ ಲೆಕ್ಕದಲ್ಲಿ 15 ಫ್ರೇಮು. ನಾಲ್ಕರ ನಡೆಗೆ 60ರ ಗುಣಕ: 240 ಫ್ರೇಮಿನ ಲೂಪು 8 ಸೆಕೆಂಡು ಸರಿಯಾಗಿ ಕೂರುತ್ತದೆ. ಅದೇ ಲೂಪನ್ನು ಯಕ್ಷಗಾನದ ತ್ರಿವುಡೆ ತಾಳದ ಏಳಕ್ಷರಕ್ಕೆ ಹಾಕಿದರೆ ಸುತ್ತುಸುತ್ತಿಗೂ ಜಾರುತ್ತದೆ. ಅಕ್ಷರಕ್ಕೊಂದು ಪೆಟ್ಟಾದರೆ ತ್ರಿವುಡೆಗೆ ಬೇಕಾದದ್ದು 105 ಅಥವಾ 210. ಚೆಂಡೆ ಮದ್ದಳೆಯ ಸದ್ದು ಬೇಕೆನಿಸಿದರೆ ಹಿಮ್ಮೇಳದವರನ್ನು ಕೇಳಿ, ಒಪ್ಪಿದವರದ್ದನ್ನು ನೀವೇ ಧ್ವನಿಮುದ್ರಿಸಿಕೊಳ್ಳಿ. ಹಳೆಯ ಕ್ಯಾಸೆಟ್ಟಿನಿಂದ, ಸಿನಿಮಾ ಹಾಡಿನಿಂದ ಕತ್ತರಿಸಿ ತಂದ ತುಂಡಿಗೆ ಹಕ್ಕುಸ್ವಾಮ್ಯದ ಹಿಡಿತ ಬಿದ್ದು ಲೈವ್ ನಡುವೆಯೇ ನಿಲ್ಲಬಹುದು. ಕೋಲದ ಭೂತದ ಮುಖವನ್ನು ಲೂಪಿಗೆ ಹಾಕಿ ಕುಣಿಸುವುದು ಮಾತ್ರ ಬೇಡ. ನಂಬುವವರೂ ನೋಡುತ್ತಿರುತ್ತಾರೆ.

ಮಿಂಚುವ ಚುಕ್ಕಿ, ಮರಳಿನಂಥ ಕಣಗಳು ನಿಮ್ಮ ತೆರೆಯಲ್ಲಿ ಎಷ್ಟೇ ಚೆನ್ನಾಗಿದ್ದರೂ ಲೈವ್‌ನಲ್ಲಿ ಚೌಕಚೌಕವಾಗಿ ಒಡೆಯುತ್ತವೆ. ವಿಡಿಯೊ ಕುಗ್ಗಿಸಿ ಕಳಿಸುವಾಗ ಹಿಂದಿನ ಫ್ರೇಮಿಗಿಂತ ಬದಲಾದದ್ದಷ್ಟೇ ಹೋಗುವುದು. ಎಲ್ಲವೂ ಬದಲಾದರೆ ಸೆಕೆಂಡಿಗೆ ಕಳಿಸಬಹುದಾದ ಮಾಹಿತಿಯ ಮಿತಿ, ಅಂದರೆ ಬಿಟ್‌ರೇಟ್ ಸಾಲುವುದಿಲ್ಲ. ದೊಡ್ಡ ಆಕಾರ, ನಿಧಾನದ ಚಲನೆ ಸ್ವಚ್ಛವಾಗಿ ತಲುಪುತ್ತದೆ. ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಸಲ ತೆರೆ ಫಳಫಳಿಸಬಾರದು, ಕೆಲವರಿಗೆ ಅಪಸ್ಮಾರ ಕೆರಳುವ ಅಪಾಯವಿದೆ.

ಹೊಂದಿಸುವುದು

ಚಿತ್ರ ಸಾಮಾನ್ಯವಾಗಿ ಸದ್ದಿಗಿಂತ ಹಿಂದೆ ಬೀಳುತ್ತದೆ. ಎಷ್ಟು ಹಿಂದೆಂದು ಅಳೆಯಲು ಕಪ್ಪು ತೆರೆ ಇಟ್ಟು ಕಿಕ್ ಡ್ರಮ್ಮಿನ ಒಂದೇ ಒಂದು ಪೆಟ್ಟು ಹಾಕಿ. ಆ ಪೆಟ್ಟಿಗೆ ತೆರೆ ಬೆಳ್ಳಗಾಗುವಂತಿರಲಿ. ಓಬಿಎಸ್‌ನಲ್ಲಿ ರೆಕಾರ್ಡ್ ಮಾಡಿ, ಎಡಿಟರಿನಲ್ಲಿ ತೆರೆದು, ಪೆಟ್ಟಿನ ಅಲೆ ಎದ್ದಲ್ಲಿಂದ ಬಿಳಿ ಬಂದಲ್ಲಿಯವರೆಗೆ ಫ್ರೇಮು ಎಣಿಸಿ. 30 ಫ್ರೇಮಿನಲ್ಲಿ ಒಂದೊಂದೂ 33 ಮಿಲಿಸೆಕೆಂಡು. ಮೂರಿದ್ದರೆ ಆಡಿಯೊದ ಸಿಂಕ್ ಆಫ್‌ಸೆಟ್‌ನಲ್ಲಿ 100 ಎಂದು ಹಾಕಿ, ಮತ್ತೊಮ್ಮೆ ಅಳೆಯಿರಿ.

ಕಳಿಸುವುದು: 720ಪಿ, 30 ಫ್ರೇಮು, 4,000 ಕೆಬಿಪಿಎಸ್, ಕೀಫ್ರೇಮ್ (ಚಿತ್ರ ಪೂರ್ತಿಯಾಗಿ ಹೋಗುವ ಫ್ರೇಮು) 2 ಸೆಕೆಂಡಿಗೊಮ್ಮೆ. ಗಂಟೆಗೆ ಸುಮಾರು 2 ಜಿಬಿ ಖರ್ಚು. ಅಪ್‌ಲೋಡ್ ವೇಗ ಆ 4,000 ಕೆಬಿಪಿಎಸ್‌ನ ಎರಡು ಪಟ್ಟಾದರೂ ಇರಲಿ. ವೈಫೈ ಬೇಡ, ಲ್ಯಾನ್ ಕೇಬಲ್ ಹಾಕಿ.

ಕರೆಂಟು

ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಸಂಜೆ ಗುಡುಗು ಬರುತ್ತದೆಂದೇ ಲೆಕ್ಕ ಹಾಕಿ, ಕಾರ್ಯಕ್ರಮವನ್ನು ರಾತ್ರಿ ಒಂಬತ್ತರ ಮೇಲಿಡಿ. ಫೈಬರ್ ದಾರದಲ್ಲಿ ಸಿಡಿಲು ಹರಿಯುವುದಿಲ್ಲ ನಿಜ, ಆದರೆ ರೂಟರಿನ ಅಡಾಪ್ಟರ್ ಕರೆಂಟಿನ ಲೈನಿನಲ್ಲೇ ಇದೆ. ಗುಡುಗು ಹತ್ತಿರ ಬಂದರೆ ಪ್ಲಗ್ ಕಿತ್ತು ಲೈವ್ ನಿಲ್ಲಿಸುವುದೇ ಸರಿ. ಬರೀ ಕರೆಂಟು ಹೋಗುವ ಕಾಟಕ್ಕೆ ರೂಟರಿಗೊಂದು 12 ವೋಲ್ಟಿನ ಸಣ್ಣ ಯುಪಿಎಸ್ ಸಾಕು. ಡೆಸ್ಕ್‌ಟಾಪ್ ಬಳಸುವವರು ಇನ್ವರ್ಟರಿನ ಸ್ವಿಚ್ಚು ಯುಪಿಎಸ್ ಕಡೆಗಿದೆಯೇ ನೋಡಿಕೊಳ್ಳಿ; ನಾರ್ಮಲ್‌ನಲ್ಲಿದ್ದರೆ ಬದಲಾಗುವಷ್ಟರಲ್ಲಿ ಕಂಪ್ಯೂಟರ್ ರೀಸ್ಟಾರ್ಟ್ ಆದೀತು.

ಲೈವ್ ಜೊತೆಗೇ ಲ್ಯಾಪ್‌ಟಾಪಿನಲ್ಲೂ ರೆಕಾರ್ಡ್ ಆಗುತ್ತಿರಲಿ, ಎಂಕೆವಿಯಲ್ಲಿ. ನಡುವೆ ಎಲ್ಲ ನಿಂತುಹೋದರೂ ಆ ಕ್ಷಣದವರೆಗಿನದು ಅದರಲ್ಲಿ ಸಿಗುತ್ತದೆ; ಸಾಮಾನ್ಯ ಎಂಪಿ4 ಆದರೆ ಫೈಲೇ ತೆರೆಯದಿರಬಹುದು. ಆಮೇಲೆ ಓಬಿಎಸ್‌ನ ಫೈಲ್ ಮೆನುವಿನಲ್ಲೇ ಅದನ್ನು ಎಂಪಿ4 ಮಾಡಿಕೊಳ್ಳಬಹುದು.